ಸೂರಿಲ್ಲದ ತೋಟ

ಸಿರುಗುಪ್ಪದ ಹೊಳೆದಂಡೆಯ ತೋಟಕ್ಕೆ ಹೋದವರು ಮೊದಲು ಹೂವನ್ನು ಹೊಗಳುತ್ತಾರೆ, ಆಮೇಲೆ ಅದನ್ನು ಮಾಡಿಸಿದವರನ್ನು ಬೈಯುತ್ತಾರೆ. ಅಷ್ಟು ದೊಡ್ಡ ತೋಟದಲ್ಲಿ ತಲೆಯ ಮೇಲೊಂದು ಸೂರಿಲ್ಲ. ಮಂಟಪವಿಲ್ಲ, ಚಪ್ಪರವಿಲ್ಲ, ಮಳೆ ಹನಿದರೆ ಓಡಿ ನಿಲ್ಲಲು ಒಂದು ಮಾಡೂ ಇಲ್ಲ. ನಮ್ಮ ಕಡೆಯ ಬಿಸಿಲು ಎಂಥದೆಂದು ಬಲ್ಲವರು ಹೀಗೆ ತೋಟ ಮಾಡುತ್ತಾರೆಯೇ ಎಂದು ಕೇಳುತ್ತಾರೆ. ಮೊನ್ನೆ ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದ ಬೀಗರೊಬ್ಬರು ಊಟಕ್ಕೆ ಕುಳಿತಲ್ಲೇ ಈ ಮಾತು ತೆಗೆದು, "ಯಾವನೋ ತಲಿ ಕೆಟ್ಟ ಗುಮಾಸ್ತನ ಕೆಲಸ ಇರಬೇಕ್ರಿ ಇದು," ಎಂದರು. ಅವರ ಎಲೆಗೆ ಇನ್ನಷ್ಟು ತುಪ್ಪ ಬಡಿಸಲು ಹೇಳಿ ನಾನು ಸುಮ್ಮನಾದೆ. ಆ ತಲೆ ಕೆಟ್ಟ ಗುಮಾಸ್ತ ನಾನೇ.

ತೋಟವಿರುವ ಜಾಗದಲ್ಲಿ ಹಿಂದೆ ಒಂದು ಸೇತುವೆಯಿತ್ತು. ತುಂಗಭದ್ರೆ ನಮ್ಮ ಊರ ಬಳಿ ಎರಡಾಗಿ ಸೀಳಿ, ನಡುವೆ ಒಂದು ಗಡ್ಡೆಯನ್ನು ಬಿಟ್ಟು, ಮುಂದೆ ಹೋಗಿ ಮತ್ತೆ ಕೂಡುತ್ತದೆ. ಊರ ಕಡೆಯ ಸೀಳು ಚಿಕ್ಕದು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು, ಶ್ರಾವಣದಲ್ಲಿ ಆನೆ ಮುಳುಗುವಷ್ಟು. ಅದರ ಮೇಲೆ ನಲವತ್ತು ಹೆಜ್ಜೆಯ ಸೇತುವೆ. ಕೆಳಗೆ ಕಲ್ಲಿನ ಕಂಬ, ಅದರ ಮೇಲೆ ಮರದ ಹಲಗೆ, ಹಲಗೆಯ ಎರಡೂ ಅಂಚಿಗೆ ಮರದ ಕಂಬ ನಿಲ್ಲಿಸಿ ನಾಡಹೆಂಚಿನ ಮಾಡು. ಕಟ್ಟಿಸಿದವರು ಊರಿನ ಒಬ್ಬ ಅಕ್ಕಿ ಸಾಹುಕಾರರು. ಮಾಡು ಹಾಕಿದರೆ ಹಲಗೆ ಕೊಳೆಯುವುದಿಲ್ಲ, ನಮ್ಮ ದೇಶದಲ್ಲಿ ಹೀಗೇ ಮಾಡುತ್ತೇವೆ ಎಂದು ಕಾಲುವೆ ನೋಡಲು ಬಂದ ಬಿಳಿಯ ಇಂಜಿನಿಯರನೊಬ್ಬ ಹೇಳಿದನಂತೆ. ಸಾಹುಕಾರರಿಗೆ ಹಲಗೆಯ ಚಿಂತೆಗಿಂತ ನೆರಳಿನ ಪುಣ್ಯ ಹಿಡಿಸಿತು, ಒಪ್ಪಿದರು.

ಆ ಇಂಜಿನಿಯರನಿಗೆ ನಮ್ಮ ವಿಷಯ ಒಂದು ಗೊತ್ತಿರಲಿಲ್ಲ. ನಮ್ಮಲ್ಲಿ ಕಂಬ ನಿಲ್ಲಿಸಿ ಮಾಡು ಹೊದಿಸಿದರೆ ಅದು ಮನೆ. ಕೆಳಗೆ ನೀರು ಹರಿಯಲಿ, ಬೆಂಕಿ ಹರಿಯಲಿ, ಅದು ಮನೆಯೇ. ಸೇತುವೆ ಮುಗಿದ ವರ್ಷವೇ ಸಾಹುಕಾರರ ಮನೆಯ ಹೆಂಗಸರು ಅದರ ಬಾಯಿಗೆ ಸಗಣಿ ಸಾರಿಸಿ ರಂಗೋಲಿ ಹಾಕತೊಡಗಿದರು. ಜನ ಮೆಟ್ಟು ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಹೊಸ ಮದುಮಕ್ಕಳು ಬಂದರೆ ಸೇತುವೆಯ ಬಾಯಲ್ಲಿ ಒಂದು ಆರತಿ, ಆಮೇಲೆ ಮನೆಯ ಬಾಗಿಲಲ್ಲಿ ಇನ್ನೊಂದು. ಮನೆಯಾದ ಮೇಲೆ ಅದರೊಳಗೆ ಯಾರು ಬರಬಹುದು, ಯಾರು ಬರಬಾರದು ಎಂಬುದೂ ಬಂತು. ಗಡ್ಡೆಯ ಮೇಲೆ ಹೊಲಗೇರಿಯಿತ್ತು. ಅಲ್ಲಿನವರು ನಮ್ಮ ಗದ್ದೆಗಳಲ್ಲಿ ನಾಟಿ ಮಾಡುವವರು, ಕೊಯ್ಯುವವರು. ಅವರು ಸೂರಿನ ಕೆಳಗೆ ಬರುವಂತಿಲ್ಲ. ಬೇಸಿಗೆಯಲ್ಲಿ ನೀರಿಗಿಳಿದು ದಾಟಬೇಕು, ಮಳೆಗಾಲದಲ್ಲಿ ಹರಿಗೋಲು ಹತ್ತಬೇಕು. ಬರಿಯ ಸೇತುವೆಯಾಗಿದ್ದರೆ ಅದು ದಾರಿ, ದಾರಿಯಲ್ಲಿ ಎಲ್ಲರೂ ಒಂದೊಂದು ಮಗ್ಗುಲಿಗೆ ಸರಿದು ನಡೆಯುತ್ತಾರೆ. ಮಾಡು ಹೊದಿಸಿದ್ದರಿಂದ ಬಾಗಿಲು ಮುಚ್ಚಿತು.

ಇದೆಲ್ಲ ಆಗ ನನಗೆ ಅನ್ಯಾಯವೆಂದು ತೋರಿತೇ ಎಂದು ಕೇಳಿದರೆ, ಇಲ್ಲ. ಹೊಳೆ ಹರಿದಂತೆ ಇದೂ ಇತ್ತು. ನಂತರ ಬುದ್ಧಿ ಬಂದವರು ತಾವು ಹುಟ್ಟುವಾಗಲೇ ಬುದ್ಧಿ ತಂದವರಂತೆ ಬರೆಯುವುದುಂಟು, ನಾನು ಹಾಗೆ ಬರೆಯಲಾರೆ.

ನಮ್ಮ ತಂದೆ ವೈದಿಕರು. ಅಗ್ರಹಾರದಲ್ಲಿ ಮಡಿ ಮೈಲಿಗೆಯ ತಕರಾರು ಬಂದರೆ ಅವರ ಮಾತೇ ಕೊನೆ. ಕೆಟ್ಟವರಲ್ಲ. ಧಾತು ಸಂವತ್ಸರದ ಬರದಲ್ಲಿ ಮನೆಯ ಕಣಜ ತೆರೆದು ಹೊಲಗೇರಿಗೂ ಗಂಜಿ ಕಳಿಸಿದ್ದರು. ಪಾತ್ರೆಯನ್ನು ದಂಡೆಯ ಮೇಲಿಟ್ಟು ದೂರ ಸರಿದು ನಿಲ್ಲುತ್ತಿದ್ದರು, ಅಷ್ಟೆ. ಯಾವ ಕಗ್ಗಂಟು ಬಂದರೂ ಶಾಸ್ತ್ರದೊಳಗೇ ಒಂದು ಸಂದಿ ಹುಡುಕಿ ಜನರನ್ನು ದಾಟಿಸುವುದು ಅವರ ಹೆಮ್ಮೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಾನು ಅವರ ಒಬ್ಬನೇ ಮಗ. ಹತ್ತೊಂಬತ್ತು ವರ್ಷದವನು, ಅವರ ಬಳಿಯೇ ಪಾಠ ಹೇಳಿಸಿಕೊಳ್ಳುತ್ತಿದ್ದೆ. ಹೇಳಿಸಿಕೊಂಡದ್ದಕ್ಕಿಂತ ಬೈಸಿಕೊಂಡದ್ದೇ ಹೆಚ್ಚು. ಅವರ ಬಾಯಿಂದ ಒಂದು ಮೆಚ್ಚಿಗೆಯ ಮಾತು ಬಂದರೆ ಸಾಕೆಂದು ಕಾಯುತ್ತಿದ್ದವನು ನಾನು.

ಬರ ಕಳೆದು ಐದಾರು ವರ್ಷಗಳಾಗಿದ್ದವು. ಹದಿನೇಳು ತುಂಬಿದ ನನ್ನ ತಂಗಿ ಕುರುಗೋಡಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದಳು. ನಮ್ಮ ಮನೆ ಸೇತುವೆಗೆ ಒಂದು ಕೂಗಿನಷ್ಟು ದೂರ. ಹಿತ್ತಲಲ್ಲಿ ಬಾಣಂತಿಯ ಕೋಣೆ. ಹೆರಿಗೆಯ ಮೈಲಿಗೆ ಮನೆಗೆ ತಾಗಬಾರದೆಂದು ಆ ಕೋಣೆಯ ಸೂರಿಗೂ ಮನೆಯ ಸೂರಿಗೂ ನಡುವೆ ಒಂದು ಮೊಳ ಬಿಟ್ಟು ಕಟ್ಟಿದ್ದರು. ಹೀಗಾಗಿ ಆ ಕೋಣೆಗೆ ಹೊಲಗೇರಿಯ ಸೂಲಗಿತ್ತಿ ಬರಬಹುದಿತ್ತು, ಬರುತ್ತಿದ್ದಳು. ಊರಿನ ಅರ್ಧ ಜನ ಮೊದಲು ಬಿದ್ದದ್ದು ಅವಳ ಕೈಗೇ. ನಾನೂ ಹಾಗೆಯೇ. ದಾರಿಯಲ್ಲಿ ಕಂಡರೆ ನಾಲ್ಕು ಮಾರು ದೂರ ಸರಿದು ನಿಂತು, ಊರಿಗೆಲ್ಲ ಕೇಳುವ ಹಾಗೆ, "ಸ್ವಾಮೇರ, ನೀವು ಕಾಲು ಮುಂದ ಮಾಡಿ ಬಂದವರು. ನಾ ತಿರುವಿ ಹಾಕದಿದ್ರ ಇವತ್ತ ಈ ಗತ್ತು ಎಲ್ಲಿ ಬರ್ತಿತ್ತು?" ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನೋವು ಶುರುವಾದದ್ದು ಶ್ರಾವಣದ ಒಂದು ಮುಂಜಾನೆ. ನಮ್ಮಲ್ಲಿ ಬರಿಯ ಜಿಟಿಜಿಟಿ, ಆದರೆ ಮೇಲಿನ ಸೀಮೆಯಲ್ಲಿ ಸುರಿದ ಮಳೆಗೆ ಹೊಳೆ ಕೆಂಪಗೆ ಏರಿತ್ತು. ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿಬಿಟ್ಟಿದ್ದರು. ಊರ ಕಡೆ ಇನ್ನೊಬ್ಬ ಸೂಲಗಿತ್ತಿಯಿದ್ದಳು, ಅವಳು ಸಿರಿಗೇರಿಯ ಮಗಳ ಮನೆಗೆ ಹೋಗಿದ್ದಳು. ಬಳ್ಳಾರಿಯ ಡಾಕ್ಟರು ಎಂದರೆ ಗಾಡಿಯಲ್ಲಿ ಒಂದೂವರೆ ದಿನದ ದಾರಿ. ಅಮ್ಮ ತಂಗಿಯ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದಳು. "ಕೂಸು ಅಡ್ಡ ಐತಿ. ನನ್ನ ಕೈಲೆ ಆಗೂದಲ್ಲ. ಓಡು, ಆಕಿನ್ನ ಕರಕೊಂಡು ಬಾ," ಎಂದಳು.

ಸೇತುವೆ ದಾಟಿ ಗಡ್ಡೆಗೆ ಓಡಿದೆ. ಸೂಲಗಿತ್ತಿ ಒಲೆಯ ಮುಂದೆ ಕೂತಿದ್ದಳು. ವಿಷಯ ಕೇಳಿದ್ದೇ ರೊಟ್ಟಿ ಅಲ್ಲೇ ಬಿಟ್ಟು, ಎಣ್ಣೆಯ ಕುಡಿಕೆ, ಹಳೆಯ ಅರಿವೆ ಗಂಟು ಕಟ್ಟಿಕೊಂಡು ನನಗಿಂತ ಮುಂದೆ ನಡೆದಳು. ಸೇತುವೆಯ ಬಾಯಿಗೆ ಬಂದವಳು ಅಲ್ಲಿ ನಿಂತುಬಿಟ್ಟಳು.

"ಬಾ," ಎಂದೆ.

"ಹೆಂಗ ಬರ್ಲಿ ಸ್ವಾಮೇರ? ಸೂರು ಐತಲ್ರಿ."

"ಇವತ್ತ ಬಾ. ಹರಿಗೋಲಿಲ್ಲ. ಯಾರೂ ಏನೂ ಅನ್ನೂದಿಲ್ಲ."

"ಹೋದ ವರ್ಷ ನಮ್ಮ ಕೇರಿಯಾಂವ ದಾಟಿದಾಗ ಏನಾತು, ನೋಡಿಲ್ಲೇನು?" ಎಂದಳು.

ನೋಡಿದ್ದೆ. ಕೇರಿಯವನೊಬ್ಬ ಜ್ವರ ಬಂದ ಮಗುವನ್ನು ಎತ್ತಿಕೊಂಡು ಮಳೆಯಲ್ಲಿ ಸೇತುವೆಯ ಮೇಲೆ ಓಡಿ ಬಂದಿದ್ದ. ಹಲಗೆಗಳನ್ನೆಲ್ಲ ತೊಳೆಸಿದರು, ಒಂದು ತಿಂಗಳು ಕೇರಿಯ ಯಾರಿಗೂ ಯಾರ ಗದ್ದೆಯಲ್ಲೂ ಕೆಲಸ ಕೊಡಲಿಲ್ಲ. ನಾಟಿಯ ಕಾಲದಲ್ಲಿ ಒಂದು ತಿಂಗಳು.

"ನಿಮ್ಮ ಅಪ್ಪನವರು ದಂಡಿ ಮ್ಯಾಲೆ ನಿಂತು ಒಂದು ಸಲ 'ಬಾ' ಅನ್ಲಿ. ಓಡಿ ಬರ್ತೀನಿ. ನೀವು ಅಂದ್ರ ನಡ್ಯಾಂಗಿಲ್ರಿ," ಎಂದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಓಡಿ ಹೋಗಿ ತಂದೆಯವರನ್ನು ಕರೆತಂದೆ.

ಅವರು ಸ್ನಾನ ಮುಗಿಸಿ, ಒದ್ದೆ ಪಂಚೆಯಲ್ಲೇ ಬಂದು ಸೇತುವೆಯ ಈ ಕಡೆ ನಿಂತರು. ಅಗ್ರಹಾರದ ಹತ್ತು ಹನ್ನೆರಡು ಜನ ಕೂಡಿದರು, ಸಾಹುಕಾರರೂ ಬಂದರು. ಆ ಕಡೆ ಅವಳು ಗಂಟು ಹಿಡಿದು ನಿಂತಿದ್ದಳು. ತಂದೆಯವರು ಆಗ 'ಬಾ' ಎಂದಿದ್ದರೆ ಅಲ್ಲಿದ್ದ ಒಬ್ಬನೂ ತುಟಿ ಎರಡು ಮಾಡುತ್ತಿರಲಿಲ್ಲ, ಇದು ನನಗೆ ಈಗ ಗೊತ್ತು. ಆದರೆ ಬೇರೆಯವರ ಮನೆಗೆ ಬಿಗಿಯಾಗಿ ಹೇಳಿದ ನಿಯಮವನ್ನು ತನ್ನ ಮಗಳಿಗಾಗಿ ಸಡಿಲಿಸಿದ ಎನ್ನಿಸಿಕೊಳ್ಳಲು ಅವರಿಗೆ ಸಾಧ್ಯವಾಗಲಿಲ್ಲ. ಮೇಲೆ ನೋಡಿದರು. ಅವರ ಮುಖ ಅರಳಿದ್ದನ್ನು ನಾನು ಕಂಡೆ.

"ಸೂರು ಇದ್ದರೆ ತಾನೆ ಮನಿ?" ಎಂದರು. "ನೆತ್ತಿ ಮ್ಯಾಲಿನ ಹಂಚು ತಗೀರಿ. ಈ ತುದಿಯಿಂದ ಆ ತುದಿ ತನಕ, ಎರಡು ಮೊಳ ಅಗಲ. ಆಕಾಶ ಕಂಡರ ಅದು ಸೂರಲ್ಲ. ಆಕಿ ನಡು ಹಲಿಗಿ ಮ್ಯಾಲೆ ಬರಲಿ."

ಎಲ್ಲರಿಗೂ ಹಗುರವಾಯಿತು. ಎಂಥ ಮಾತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹುಕಾರರು ಕೈಮುಗಿದು, ಪುಣ್ಯಕ್ಕೆ ಕೊಟ್ಟ ಹೆಂಚು, ನಾಳೆ ಮತ್ತೆ ಹೊದಿಸಬೇಕು, ಒಡೆಯದ ಹಾಗೆ ಇಳಿಸಿದರೆ ಸಾಕು ಎಂದರು. ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ನಗುವ ಜನ ನಾವು. ಆ ದಿನ ಬಾವಿಯನ್ನು ಅಚ್ಚುಕಟ್ಟಾಗಿ ತೋಡಲು ನಿಂತೆವು.

ನಾನು ಮಾಡಿನ ಮೇಲೆ ಹತ್ತಿದೆ. ನಾಲ್ಕು ಜನ ಮೇಲೆ, ಉಳಿದವರು ಕೆಳಗೆ ಸಾಲಾಗಿ. ಮಳೆಗೆ ಪಾಚಿ ಹಿಡಿದ ಹೆಂಚು ಜಾರುತ್ತಿತ್ತು. ಒಂದೊಂದನ್ನೇ ಬಿಡಿಸಿ ಕೆಳಗಿನವನ ಕೈಗೆ ಕೊಟ್ಟು, ಅವನು ಮುಂದಿನವನಿಗೆ ಕೊಟ್ಟು, ದಂಡೆಯ ಮೇಲೆ ಜೋಡಿಸುವ ಹೊತ್ತಿಗೆ ಮೇಲೆ ಇನ್ನೊಂದು ಕಾಯುತ್ತಿತ್ತು. "ಹುಷಾರು! ಒಡೀಬ್ಯಾಡ್ರಿ!" ಎಂದು ನಾನು ಕೂಗುತ್ತಲೇ ಇದ್ದೆ. ಬೇಗ ಬೇಗ ಎಂದೂ ಕೂಗಿದೆ, ಆದರೆ ಹೆಚ್ಚು ಸಲ ಕೂಗಿದ್ದು ಒಡೆಯಬೇಡಿ ಎಂದೇ. ಆ ಕಡೆ ಸೂಲಗಿತ್ತಿ ಮೊದಲು ನಿಂತಿದ್ದಳು, ಆಮೇಲೆ ಕೂತಳು, ಆಮೇಲೆ ಮತ್ತೆ ಎದ್ದು ನಿಂತಳು. ಹಿತ್ತಲಿನಿಂದ ತಂಗಿಯ ದನಿ ನಮ್ಮವರೆಗೂ ಬರುತ್ತಿತ್ತು. ತಂದೆಯವರು ದಂಡೆಯ ಮೇಲೆ ನಿಂತು ಬಾಯಲ್ಲಿ ಏನೋ ಜಪಿಸುತ್ತ, ಎಲ್ಲಾದರೂ ಒಂದು ಹೆಂಚು ಅಡ್ಡ ಉಳಿದಿದೆಯೇ ಎಂದು ನೋಡುತ್ತಿದ್ದರು. ಬೆಳಗಿನ ಊಟದ ಹೊತ್ತು ಮೀರಿ ಹೋಯಿತು.

ಕೊನೆಗೆ ಈ ತುದಿಯಿಂದ ಆ ತುದಿಗೆ ಎರಡು ಮೊಳದ ಆಕಾಶ ಕಂಡಿತು. ತಂದೆಯವರು ಅವಳತ್ತ ಕೈ ಎತ್ತಲಿದ್ದರು. ಆಗ ನಾನು ಒಂದು ಮಾತು ಹೇಳಿದೆ.

ಇದನ್ನು ಬರೆಯಲು ಎಷ್ಟೋ ದಿನ ತೆಗೆದುಕೊಂಡಿದ್ದೇನೆ, ಈಗ ನೇರವಾಗಿ ಬರೆಯುತ್ತೇನೆ. ಪಾಠದಲ್ಲಿ ಆ ತಿಂಗಳಷ್ಟೇ ಬಂದಿತ್ತು: ಚಾಪೆ, ಬಟ್ಟೆ, ಮರದ ಹಲಗೆ, ಇವುಗಳ ಮೂಲಕ ಮೈಲಿಗೆ ಹರಿಯುತ್ತದೆ, ಕಲ್ಲು, ಮಣ್ಣು, ಮರಳಿನ ಮೂಲಕ ಹರಿಯುವುದಿಲ್ಲ. ಮಾಡಿನಿಂದ ಇಳಿದು ತಂದೆಯವರ ಬಳಿ ಹೋಗಿ, "ಸೂರು ಹೋತು, ಆದರ ಹಲಿಗಿ ಮರದ್ದಲ್ಲಾ? ಈ ತುದಿಗೆ ನಾವು ನಿಂತೀವಿ, ಆ ತುದಿಗೆ ಆಕಿ ಕಾಲಿಟ್ಟರ ಎಲ್ಲಾ ಒಂದಽ ಆಗತದ. ಉಸುಕು ಹಾಕಬೇಕು," ಎಂದೆ. ತಂದೆಯವರು ನನ್ನ ಮುಖ ನೋಡಿ, "ಶಾಭಾಸ್. ನನಗಽ ಹೊಳೀಲಿಲ್ಲ ನೋಡು," ಎಂದರು. ಎಲ್ಲರ ಎದುರಿಗೆ ಎಂದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ತಂಗಿ ಅಲ್ಲಿ ಒದ್ದಾಡುತ್ತಿದ್ದಾಗ ನನಗೆ ಸಂತೋಷವಾಯಿತು.

ದಂಡೆಯ ಮರಳೆಲ್ಲ ನೀರಿನಡಿ ಹೋಗಿತ್ತು. ಪೇಟೆಯ ಕಡೆ ಯಾರೋ ಮನೆ ಕಟ್ಟಲು ಹಾಕಿಸಿದ್ದ ರಾಶಿಯಿಂದ ಬುಟ್ಟಿಬುಟ್ಟಿ ಹೊತ್ತು ತರಬೇಕಾಯಿತು. ನಲವತ್ತು ಹೆಜ್ಜೆಯ ಉದ್ದಕ್ಕೂ ಹಲಗೆ ಕಾಣದ ಹಾಗೆ ಹರವಿದೆವು. ಅದು ಮುಗಿದ ಮೇಲೆ ತಂದೆಯವರು, "ಬಾರವ್ವಾ," ಎಂದು ಕೂಗಿದರು. ಅವಳು ಓಡಿ ಬಂದಳು. ನಮ್ಮ ಯಾರ ಮುಖವನ್ನೂ ನೋಡದೆ ಹಿತ್ತಲಿನ ದಾರಿ ಹಿಡಿದಳು.

ತಂಗಿ ಉಳಿದಳು. ಅವಳನ್ನು ಉಳಿಸಿದ್ದು ಸೂಲಗಿತ್ತಿಯೇ, ಅದರಲ್ಲಿ ಎರಡು ಮಾತಿಲ್ಲ. ಮಗು ಹೆಣ್ಣು. ತಲೆಗೂದಲು ದಟ್ಟವಾಗಿತ್ತು. ಅದನ್ನು ತಲೆಕೆಳಗೆ ಹಿಡಿದು ಬೆನ್ನು ತಟ್ಟಿದಳಂತೆ, ಬಾಯಿಗೆ ಬಾಯಿಟ್ಟು ಊದಿದಳಂತೆ, ಬಿಸಿನೀರು ತಣ್ಣೀರು ಬದಲಾಯಿಸಿ ಹಾಕಿದಳಂತೆ. ಅಳಲಿಲ್ಲ. ಅರಿವೆಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಟ್ಟು, ಬಂದ ದಾರಿಯಲ್ಲೇ ಮರಳು ತುಳಿದುಕೊಂಡು ಹೊರಟು ಹೋದಳು. ದೈವೇಚ್ಛೆ ಎಂದರು ಜನ. ನಾನೂ ತಂಗಿಯ ಕೋಣೆಯ ಹೊರಗೆ ನಿಂತು, "ಏನು ಮಾಡೋದವ್ವಾ, ನಮ್ಮ ಕೈಯಾಗ ಏನಿತ್ತು?" ಎಂದೆ.

ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ. ನಾಲ್ಕು ವರ್ಷ ಕಾದು ಗಂಡ ಇನ್ನೊಂದು ಮದುವೆ ಮಾಡಿಕೊಂಡ. ಸವತಿ ಒಳ್ಳೆಯವಳು ಎಂದು ತಂಗಿಯೇ ಹೇಳುತ್ತಾಳೆ. ಸವತಿಯ ಮಕ್ಕಳು ಸಾಲಿಗೆ ಹೋಗತೊಡಗಿದಾಗ ಅವರ ಜೊತೆ ಕೂತು ಇವಳೂ ಅಕ್ಷರ ತಿದ್ದಿ ಓದಲು ಕಲಿತಳು. ಈಗ ಕುರುಗೋಡಿನಿಂದ ಕಾಗದ ಬರೆಯುವುದು ಅವಳೇ. ಗುಂಡು ಗುಂಡು ಅಕ್ಷರ, ಒಂದೂ ತಪ್ಪಿರುವುದಿಲ್ಲ.

ಸೇತುವೆಯ ಹೆಂಚನ್ನು ಮತ್ತೆ ಹೊದಿಸಲಿಲ್ಲ. ಸಾಹುಕಾರರು ತಂದೆಯವರ ಮಾತಿಗೆ ಕಾದರು. ಯಾರಾದರೂ ಆ ವಿಷಯ ಎತ್ತಿದರೆ ತಂದೆಯವರು ಎದ್ದು ಒಳಗೆ ಹೋಗುತ್ತಿದ್ದರು. ಅಂದಿನ ನಂತರ ಅವರು ಮಡಿ ಮೈಲಿಗೆಯ ಒಂದು ತೀರ್ಪೂ ಹೇಳಲಿಲ್ಲ. ಕೇಳಲು ಬಂದವರಿಗೆ, ನನಗೆ ಕಿವಿ ಮಂದವಾಗಿದೆ, ಬೇರೆ ಯಾರನ್ನಾದರೂ ಕೇಳಿ ಎಂದು ಹೇಳಿ ಕಳಿಸುತ್ತಿದ್ದರು. ಕಿವಿ ಚೆನ್ನಾಗಿಯೇ ಇತ್ತು. ಇತ್ತ ಹಲಗೆಯ ಮೇಲಿನ ಮರಳು ಮಳೆನೀರು ಕುಡಿದು ಹಿಡಿದುಕೊಂಡಿತು, ಅದರಡಿಯ ಹಲಗೆ ಕೊಳೆಯಿತು. ನಾಲ್ಕನೆಯ ಮಳೆಗಾಲದಲ್ಲಿ ಹೊಳೆ ಬಂದು ಎಲ್ಲವನ್ನೂ ಒಯ್ದಿತು, ಕಲ್ಲಿನ ಕಂಬಗಳಷ್ಟೇ ಉಳಿದವು. ತಂದೆಯವರು ತೀರಿಕೊಂಡದ್ದು ಅದರ ಮರುವರ್ಷ.

ನಾನು ತಾಲೂಕು ಕಚೇರಿಗೆ ಗುಮಾಸ್ತನಾಗಿ ಸೇರಿದೆ. ಕೆಲವು ವರ್ಷಗಳ ನಂತರ ಹೊಸ ತಹಶೀಲ್ದಾರರು ಬಂದರು. ತೆಲುಗಿನವರು, ಗಿಡಮರದ ಹುಚ್ಚು. ಸೇತುವೆಯಿದ್ದ ದಂಡೆಯಲ್ಲಿ ಜಾಲಿ ಬೆಳೆದು ಹಂದಿಗಳು ಮಲಗುತ್ತಿದ್ದವು. ಅಲ್ಲೊಂದು ತೋಟ ಮಾಡೋಣ, ಊರಿನ ಜನ ಸಂಜೆ ಗಾಳಿಗೆ ಕೂಡಲಿ ಎಂದು ಹೊರಟರು. ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂತು. ನಾನು ಬೇಡವೆನ್ನಲಿಲ್ಲ. ಜಾಲಿ ಕಡಿಸಿ, ಬೇವು, ಹೊಂಗೆ ನೆಡಿಸಿ, ಕಣಗಿಲೆ, ದಾಸವಾಳ, ದುಂಡುಮಲ್ಲಿಗೆಯ ಪಾತಿ ಮಾಡಿಸಿದೆ. ನೀರಿನಲ್ಲಿದ್ದ ಕಲ್ಲಿನ ಕಂಬಗಳನ್ನು ಎಳೆಸಿ ಕೂಡುವ ಕಟ್ಟೆಯಾಗಿಸಿದೆ. ದಂಡೆಯ ಮೇಲೆ ಜೋಡಿಸಿಟ್ಟಿದ್ದ ಹೆಂಚುಗಳು ಹಾಗೆಯೇ ಇದ್ದವು. ಅವನ್ನು ಪಾತಿಗಳ ಅಂಚಿಗೆ ಹೂಳಿಸಿದೆ.

ತೋಟದ ನಡುವೆ ಮಂಟಪ ಬೇಕೆಂದು ತಹಶೀಲ್ದಾರರು ಗೆರೆ ಎಳೆದು ತಂದರು. ನಾನು ಬೇಡ ಎಂದೆ.

"ಮಂಟಪಂ ಲೇಕುಂಡಾ ತೋಟ ಏಮಿಟಯ್ಯಾ?" ಮಂಟಪವಿಲ್ಲದ ಮೇಲೆ ಅದೆಂಥ ತೋಟ ಎಂದು ಅವರು ತಮ್ಮ ತೆಲುಗಿನಲ್ಲೇ ಕೇಳಿ ನಕ್ಕರು.

ನಾನು ನಗಲಿಲ್ಲ. ಸೂರು ಕಟ್ಟಿದರೆ ಅದು ಮನೆಯಾಗುತ್ತದೆ, ಮನೆಯಾದರೆ ಹೊಲಗೇರಿಯವರು ಒಳಗೆ ಬರುವಂತಿಲ್ಲ ಎಂದು ಜಗಳ ಬರುತ್ತದೆ, ಸೂರಿಲ್ಲದಿದ್ದರೆ ಬರುವುದಿಲ್ಲ ಎಂದೆ. ಅವರಿಗೆ ನಾನು ಏನು ಹೇಳುತ್ತಿದ್ದೇನೆಂದು ಅರ್ಧವಷ್ಟೇ ತಿಳಿದಿರಬೇಕು. ಆದರೆ ಜಗಳ ಎಂಬ ಮಾತು ಯಾವ ತಹಶೀಲ್ದಾರರಿಗೂ ಬೇಗ ತಿಳಿಯುತ್ತದೆ. ಮಂಟಪದ ಗೆರೆ ಅಳಿಸಿದರು. ನಾನಂದುಕೊಂಡ ಹಾಗೆಯೇ ಅಗ್ರಹಾರದ ನಾಲ್ಕು ಜನ ಹಿರಿಯರು ಕಚೇರಿಗೆ ಬಂದು, ಕೇರಿಯವರು ತೋಟದಲ್ಲಿ ಕೂಡುತ್ತಾರಂತಲ್ಲ, ಇದು ಹೇಗೆ ಎಂದು ಕೇಳಿದರು. ಆಕಾಶ ಕಂಡರೆ ಸೂರಲ್ಲ, ಇದು ನಮ್ಮ ತಂದೆಯವರೇ ಆ ದಂಡೆಯ ಮೇಲೆ ನಿಂತು ಹೇಳಿದ್ದು, ನೀವೂ ಅಲ್ಲಿದ್ದಿರಿ ಎಂದೆ. ಅವರು ಬಾಯಿ ಮುಚ್ಚಿಕೊಂಡು ಹೋದರು. ತಂದೆಯವರ ಮಾತನ್ನು ನಾನು ಸರಿಯಾದ ಕೆಲಸಕ್ಕೆ ಬಳಸಿದ್ದು ಅದೊಂದೇ ಸಲ.

ತೋಟ ಹೂ ಬಿಟ್ಟ ವರ್ಷ ತಂಗಿ ಊರಿಗೆ ಬಂದಳು. ತೋಟ ತೋರಿಸುತ್ತೇನೆಂದು ಸಂಜೆ ಕರೆದುಕೊಂಡು ಹೋದೆ. ಇದು ಇಂಥ ಮಲ್ಲಿಗೆ, ಇದನ್ನು ಬಳ್ಳಾರಿಯ ದಂಡಿನ ಪ್ರದೇಶದಿಂದ ತರಿಸಿದ್ದು ಎಂದು ನಾನು ಬಿಡುವಿಲ್ಲದೆ ಮಾತಾಡುತ್ತಿದ್ದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ನೀರಿಗೆ ಹತ್ತಿರದ ಹುಲ್ಲಿನ ಮೇಲೆ ಸೂಲಗಿತ್ತಿ ಕೂತಿದ್ದಳು. ಮುದುಕಿಯಾಗಿದ್ದಳು, ಕಣ್ಣಿಗೆ ಪೊರೆ ಬಂದಿತ್ತು, ಮೊಮ್ಮಗಳೊಬ್ಬಳು ಸಂಜೆ ಸಂಜೆ ಅವಳನ್ನು ಹೊಳೆ ದಾಟಿಸಿ ಕರೆತಂದು ಕೂರಿಸುತ್ತಿದ್ದಳು. ತಂಗಿ ನೇರವಾಗಿ ಹೋಗಿ ಅವಳ ಮಗ್ಗುಲಿಗೇ ಹುಲ್ಲಿನ ಮೇಲೆ ಕೂತಳು. ನಾನು ಯಾರಾದರೂ ನೋಡಿಯಾರೆಂದು ಹಿಂದೆ ಮುಂದೆ ನೋಡಿದೆ. ಇಷ್ಟೆಲ್ಲ ಆದ ಮೇಲೂ ಕಣ್ಣು ತಾನಾಗಿ ಹಾಗೆ ಹೊರಳಿತು.

"ಯಾರು?" ಎಂದಳು ಮುದುಕಿ.

ತಂಗಿ ಹೇಳಿದಳು. ಮುದುಕಿ ಅವಳ ಕೈಯನ್ನು ಹುಡುಕಿ ಹಿಡಿದುಕೊಂಡಳು. ಆಮೇಲೆ ತಂಗಿ, ಯಾವುದೋ ಅಡಿಗೆಯ ವಿಷಯ ಕೇಳುವವಳ ಹಾಗೆ, "ಅವತ್ತ ನೀ ಮುಂಜಾನಿನಽ ಬಂದಿದ್ರ ಕೂಸು ಉಳೀತಿತ್ತೇನವ್ವ?" ಎಂದಳು.

ನನಗೆ ಓಡಿ ಹೋಗಬೇಕೆನ್ನಿಸಿತು. ಮುದುಕಿ ಸುಳ್ಳು ಹೇಳಲಿ ಎಂದು ಬೇಡಿಕೊಂಡೆ.

"ಉಳೀತಿತ್ತು ತಾಯಿ," ಎಂದಳು ಮುದುಕಿ. "ಅಡ್ಡ ಇತ್ತು, ಅಷ್ಟಽ. ಅಂಥಾವು ಎಷ್ಟು ತಿರುವೀನಿ. ನಿಮ್ಮ ಅಣ್ಣಾರನ್ನೂ ತಿರುವೀನಿ." ಹಿಡಿದ ಕೈ ಬಿಡದೆ, "ತಪ್ಪು ನಂದೂ ಐತಿ ನೋಡವ್ವ. ಹಂಚು ಇಳಸೋದು ನೋಡ್ಕೋತ ನಾನೂ ಆ ಕಡಿ ನಿಂತೆ. ಏನಾರ ಆಗ್ಲಿ ಅಂತ ಓಡಿ ಬಂದುಬಿಡಬೇಕಾಗಿತ್ತು. ರಾತ್ರಿ ಮಲಗಿದ್ರ ಅದಽ ನೆನಪಾಗ್ತತಿ," ಎಂದಳು.

"ನೀ ಯಾಕ ಓಡಿ ಬರಬೇಕಾಗಿತ್ತು?" ಎಂದಳು ತಂಗಿ. ದನಿಯಲ್ಲಿ ಸಿಟ್ಟಿತ್ತು. "ಬಾ ಅನ್ನಾಕ ಹನ್ನೆರಡು ಮಂದಿ ಗಂಡಸರು ನಿಂತಿದ್ದರು. ಒಬ್ಬಾಕಿ ಮ್ಯಾಲೆ ಯಾಕ ಹಾಕ್ಕೋತಿ?"

ಆಮೇಲೆ ನನ್ನ ಕಡೆ ತಿರುಗಿದಳು. ಹದಿಮೂರು ವರ್ಷದಲ್ಲಿ ಆ ದಿನದ ಬಗ್ಗೆ ಅವಳು ನನ್ನೊಡನೆ ಮಾತಾಡಿದ್ದು ಅದೇ ಮೊದಲು.

"ನನಗ ಎಲ್ಲಾ ಕೇಳಿಸ್ತಿತ್ತು. ಒಡೀಬ್ಯಾಡ್ರಿ ಒಡೀಬ್ಯಾಡ್ರಿ ಅಂತ ನೀ ಕೂಗೋದು. ಹಂಚಿನ ಸಪ್ಪಳ. ಆ ಹೊತ್ತಿಗೆಲ್ಲಾ ಹೊಟ್ಟ್ಯಾಗ ಇನ್ನೂ ಆಡ್ತಿತ್ತು. ಹಂಚಿನ ಸಪ್ಪಳ ನಿಂತಾಗ, ಬಂದ್ಲು ಇನ್ನ, ಅಂತ ಅಮ್ಮ ಅಂದ್ಲು. ನಾನೂ ಬಂದ್ಲು ಅಂದ್ಕೊಂಡೆ. ಬರ್ಲಿಲ್ಲ. ಉಸುಕು ಹಾಕಾಕತ್ಯಾರಂತ ಅಂತ ಯಾರೋ ಬಂದು ಹೇಳಿದ್ರು. ಆ ಉಸುಕು ಹಾಕೋ ಹೊತ್ತಿನ್ಯಾಗ ಆಡೋದು ನಿಂತಿತು."

ಹೊಳೆಯ ಮೇಲಿಂದ ಗಾಳಿ ಬೀಸುತ್ತಿತ್ತು. ಮೊಮ್ಮಗಳು ಬಂದು ಮುದುಕಿಯನ್ನು ಎಬ್ಬಿಸಿ ಕರೆದುಕೊಂಡು ಹೋದಳು. ನಾವಿಬ್ಬರೂ ಮನೆಗೆ ನಡೆದೆವು. ದಾರಿಯಲ್ಲಿ ಅವಳು ಸವತಿಯ ಹಿರಿಯ ಮಗಳ ಮದುವೆಯ ಮಾತು ತೆಗೆದಳು. ನಾನು ಹೂಂ ಎಂದೆ. ಉಸುಕು ಯಾರ ಮಾತು ಎಂದು ಅವಳು ಕೇಳಲಿಲ್ಲ, ತಂದೆಯವರದೇ ಎಂದುಕೊಂಡಿದ್ದಾಳೆ. ಸತ್ತವರ ತಲೆಯ ಮೇಲೆ ಅದನ್ನು ಬಿಟ್ಟು ಇಷ್ಟು ವರ್ಷ ನಾನು ಸುಮ್ಮನಿದ್ದೆ.

ಹೋದ ಮಾಘದಲ್ಲಿ ಮುದುಕಿ ತೀರಿಕೊಂಡಳು, ಉಸುಕಿನ ಮಾತು ನನ್ನದೆಂದು ಅವಳಿಗೆ ಹೇಳಲಾಗಲಿಲ್ಲ. ತಂಗಿ ಇದ್ದಾಳೆ. ಈ ಹಾಳೆಗಳನ್ನು ಮಡಚಿ ನಾಳೆ ಕುರುಗೋಡಿಗೆ ಕಳಿಸುತ್ತೇನೆ. ಅವಳು ಓದುತ್ತಾಳೆ.